ಉಟ್ಟು ನೋಡಲು ತಂದ ಕಾರ್ಡುಗಳು

ಅಗ್ಗವೂ ಆಗಿರಬೇಕು, ಹೊಂದಿಕೊಂಡೂ ಹೋಗಬೇಕು ಎಂದು ಹೊರಟವನಿಗೆ ಒಂದು ಜೊತೆ ಚಪ್ಪಲಿ ಸಿಗುವುದೂ ಕಷ್ಟ. ನಾನು ಹುಡುಕಹೊರಟದ್ದು ಲಿನಕ್ಸ್ ಕಂಪ್ಯೂಟರಿಗೊಂದು ಡಿಸ್ಕ್ ಕಂಟ್ರೋಲರ್ ಕಾರ್ಡನ್ನು. ಹಾರ್ಡ್ ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಕೂತು ಮಾತು ಮುಟ್ಟಿಸುವ ಮಧ್ಯಸ್ಥ ಅದು. ಹೊಸ ಶತಮಾನ ಆಗಷ್ಟೇ ಕಣ್ಣು ಬಿಟ್ಟಿತ್ತು. ಭದ್ರಾವತಿಯ ಜನ್ನಾಪುರದ ನಮ್ಮ ಮನೆಯಲ್ಲಿ ಸಿಡಿಲಿಗೆ ಮದರ್‌ಬೋರ್ಡಿನಲ್ಲಿ ಆ ಕೆಲಸ ಮಾಡುತ್ತಿದ್ದ ಭಾಗ ಸತ್ತಿತ್ತು, ಡಿಸ್ಕ್ ಬದುಕಿತ್ತು. ಅದರೊಳಗೆ ನನ್ನ ಹೆಂಡತಿ ಗಿರಿಜಾ ಬರೆದ ನಾಟಕವಿತ್ತು. ಬಡಾವಣೆಯ ಹೆಂಗಸರೆಲ್ಲ ಸೇರಿ ಆಡಬೇಕಾದ ನಾಟಕ. ಅವಳು ಬರೆದದ್ದರಲ್ಲಿ ಮೊದಲನೆಯದು. ಇನ್ನೊಂದು ಸಲ ಬರೆಯುವುದು ತನ್ನ ಕೈಲಾಗದು ಎಂದು ಅವಳು ಒಲೆಯ ಕಡೆ ತಿರುಗಿದಾಗ ನನಗೆ ನಿಜಕ್ಕೂ ಭಯವಾಯಿತು. ಬೇರೆಯವರ ಕಂಪ್ಯೂಟರಿಗೆ ಸಿಕ್ಕಿಸೋಣವೆಂದರೆ ಬೀದಿಗೆಲ್ಲ ವಿಂಡೋಸ್. ನಮ್ಮ ಡಿಸ್ಕಿನ ಬರಹ ಅದಕ್ಕೆ ಓದಲು ಬಾರದು. ಪುಕ್ಕಟೆ ಸಿಗುತ್ತದೆಂದು ಲಿನಕ್ಸ್ ಹಾಕಿಕೊಂಡ ಬುದ್ಧಿವಂತ ನಾನೊಬ್ಬನೇ.

ನಾಮರೂಪಗಳನ್ನು ನಂಬಬೇಡ ಎಂದರು ವೇದಾಂತಿಗಳು. ಕಂಪ್ಯೂಟರ್ ಅಂಗಡಿ ನೋಡಿಯೇ ಹೇಳಿರಬೇಕು. ಲಿನಕ್ಸಿಗೆ ಬೇಕಾದದ್ದು ಕಾರ್ಡಿನ ಮೇಲಿನ ಚಿಪ್‌ನ ಗುರುತು. ಡಬ್ಬದ ಮೇಲಿರುವುದು ಬೆಂಕಿಯುಗುಳುವ ರೇಸ್ ಕಾರು. ಅದೇ ಹೆಸರು, ಅದೇ ಕಾರು, ಈ ತಿಂಗಳು ಒಳಗೆ ಬೇರೆ ಚಿಪ್. ಖಂಡಿತ ಹೊಂದುತ್ತದೆಂದು ಬಲ್ಲವರು ಹೊಗಳುತ್ತಿದ್ದ ಕಾರ್ಡಿನ ಬೆಲೆ ಕೇಳಿ ನಾನು ನೀರು ಕುಡಿದೆ.

ಶಿವಮೊಗ್ಗದ ಅಂಗಡಿಯಲ್ಲಿ ಒಂದೊಂದೇ ಡಬ್ಬ ತಿರುಗಿಸುತ್ತ ನಾನು ಬೆವರುತ್ತಿದ್ದರೆ, ಗಿರಿಜಾ ಅಂಗಡಿಯವನೊಡನೆ ಮಾತಿಗಿಳಿದಳು. ಮಾರಿದ ಮಾಲು ವಾಪಸಿಲ್ಲ ಎಂಬ ಬೋರ್ಡು ಅವನ ತಲೆಯ ಮೇಲೇ ಇತ್ತು.

“ಸೀರೆ ಅಂಗಡಿಯೋರು ನಾಲ್ಕು ಸೀರೆ ಮನೆಗೆ ಕೊಟ್ಟು ಕಳಿಸ್ತಾರಪ್ಪ. ಒಪ್ಪಿದ್ದು ಇಟ್ಕೊಂಡು ಉಳಿದದ್ದು ತಂದ್ಕೊಡ್ತೀವಿ. ನೀವ್ಯಾಕೆ ಹಂಗೆ ಕೊಡಲ್ಲ?”

“ಮೇಡಂ, ಸೀರೆ ಸುಟ್ಟುಹೋಗಲ್ಲ.”

“ಅದು ಇಸ್ತ್ರಿ ಹಾಕೋರು ಯಾರು ಅನ್ನೋದರ ಮೇಲೆ,” ಎಂದು ಅವಳು ನನ್ನತ್ತ ನೋಡಿದಳು.

ಅವನು ನಕ್ಕುಬಿಟ್ಟ. ನಕ್ಕ ವ್ಯಾಪಾರಿ ಅರ್ಧ ಸೋತಂತೆಯೇ. ಅಗ್ಗದ ಮೂರು ಕಾರ್ಡುಗಳನ್ನು ಪೇಪರಿನಲ್ಲಿ ಸುತ್ತಿ, ಬೇಡದ್ದನ್ನು ನಾಳೆಯೇ ತಂದುಕೊಡಬೇಕೆಂದು ಹೇಳಿ ಕೊಟ್ಟ. ಭದ್ರಾವತಿ ಬಸ್ಸಿನಲ್ಲಿ ಅವಳು ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಕೂತಳು, ನನ್ನ ಕೈಗೆ ಕೊಡಲಿಲ್ಲ.

ಮೊದಲನೆಯದಕ್ಕೆ ಕಂಪ್ಯೂಟರ್ ಮಿಸುಕಲೇ ಇಲ್ಲ. ರೇಸ್ ಕಾರಿನದನ್ನು ಹಾಕಿದಾಗ ಲಿನಕ್ಸ್ ಎದ್ದು, ನಾಲ್ಕು ಸಾಲು ಗೊಣಗಿ, ಡಿಸ್ಕೇ ಕಾಣುತ್ತಿಲ್ಲವೆಂದು ಕೂತುಬಿಟ್ಟಿತು. ಡಬ್ಬವೂ ಇಲ್ಲದ, ಎಲ್ಲಕ್ಕಿಂತ ಅಗ್ಗದ ಮೂರನೆಯದನ್ನು ಸಿಕ್ಕಿಸುವಾಗ ಗಿರಿಜಾ ನನ್ನ ಭುಜ ಬಿಗಿಯಾಗಿ ಹಿಡಿದಿದ್ದಳು. ಪರದೆಯ ಮೇಲೆ ಸಾಲುಗಳು ಸರಸರ ಹರಿದವು. ಡಿಸ್ಕ್ ಕಂಡಿತು. ನಾಟಕವೂ ಇತ್ತು, ಕೊನೆಯ ಮಾತಿನವರೆಗೂ. ನಾನು ಎದ್ದು ಕುಣಿಯುವುದೊಂದು ಬಾಕಿ.

ಅವಳು ಕೊನೆಯ ದೃಶ್ಯ ತೆಗೆದು ಓದಿದಳು. ಅಂಥದ್ದು ಇನ್ನು ಬರೆಯಲಾಗದೆಂದು ಕಣ್ಣೀರಿಟ್ಟದ್ದು ಆ ದೃಶ್ಯಕ್ಕೇ. ಓದುತ್ತ ಓದುತ್ತ ಮುಖ ಸಿಂಡರಿಸಿದಳು.

“ಚೆನ್ನಾಗಿಲ್ಲ ಮಾರಾಯ್ರೇ ಇದು. ಏಳಿ, ನಾನು ಬರೀಬೇಕು.”

ಸಂತೋಷದಿಂದ ಕುರ್ಚಿ ಬಿಟ್ಟುಕೊಟ್ಟೆ. ಕಳೆದುಹೋದದ್ದೆಲ್ಲ ಚೆನ್ನಾಗಿಯೇ ಇರುತ್ತದೆ. ಕೈಗೆ ಸಿಕ್ಕರೆ ಮಾತ್ರ ಅದನ್ನು ತಿದ್ದಬಹುದು.