ಅತ್ತೆಯವರ ಮೂರು ಗಂಟೆಯ ವಿಮಾನ

ಬಸ್ ನಿಲ್ದಾಣದ ಎದುರು ಮಹಡಿಯ ಮೇಲೆ ಹೊಲಿಗೆ ಅಂಗಡಿ ಇಟ್ಟಿದ್ದ ಮಾಸ್ತರರಿಗೆ ಅಳತೆಯ ವಿಷಯದಲ್ಲಿ ಯಾರೂ ಎದುರಾಡುವಂತಿರಲಿಲ್ಲ. ಗಿರಾಕಿ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಸೊಂಟದ ಸುತ್ತಳತೆ ಹೇಳಿಬಿಡುತ್ತಿದ್ದರು. ಅದೇ ಜಂಬದಲ್ಲಿ ಅತ್ತೆಯವರ ವಿಮಾನ ಪ್ರಯಾಣವನ್ನೂ ಅಳೆಯಲು ಹೋದರು.

ಹೆಂಡತಿಯ ತಾಯಿಯಾದ ಈ ಅತ್ತೆ ಮಾಸ್ತರರ ಮನೆಯಲ್ಲೇ ಇದ್ದು, ಅಂಗಡಿಯ ಅಂಗಿಗಳಿಗೆಲ್ಲ ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದರು. ಭೂಮಿಯ ಆ ಮಗ್ಗುಲಲ್ಲಿದ್ದ ಅವರ ಅಕ್ಕ ವಾರಕ್ಕೊಮ್ಮೆ ಫೋನಿನಲ್ಲಿ ಜಗಳವಾಡಿ ಸಾಕಾಗಿ, "ಎದುರಾಬದುರು ಕೂತೇ ಜಗಳ ಆಡೋಣ, ಬಾರೇ" ಎಂದು ಟಿಕೆಟ್ ಕಳಿಸಿದ್ದರು.

"ಮೂರು ಗಂಟೆ ಮೇಲೆ ಒಂದೇ ಕಡೆ ಕೂತ್ರೆ ನನ್ನ ಕಾಲು ಕಂಬ ಆಗುತ್ತೆ. ನಾನು ಹೋಗಲ್ಲ" ಎಂದರು ಅತ್ತೆ.

ಮಾಸ್ತರರು ಟಿಕೆಟ್ ನೋಡಿದರು. ಹೊರಡುವುದು ಬೆಳಿಗ್ಗೆ ಹತ್ತಕ್ಕೆ, ತಲುಪುವುದು ಅದೇ ದಿನ ಮಧ್ಯಾಹ್ನ ಒಂದಕ್ಕೆ. "ಅತ್ತೆ, ಸರಿಯಾಗಿ ಮೂರೇ ಗಂಟೆ!"

"ರೀ, ಹನ್ನೆರಡು ಸಾವಿರ ಕಿಲೋಮೀಟರು ಮೂರು ಗಂಟೇಲಾ?" ಎಂದಳು ಹೆಂಡತಿ.

ಮಾಸ್ತರರು ಮಗಳ ಗ್ಲೋಬಿಗೆ ಟೇಪು ಸುತ್ತಿದರು. "ನೋಡು, ಗೇಣುದ್ದ. ಮೇಲೆ ಟ್ರಾಫಿಕ್ ಬೇರೆ ಇರಲ್ಲ."

ಅತ್ತೆ ಹೊರಟರು. ಅಂಗಡಿಯ ಗಡಿಯಾರ ಒಂದು ಹೊಡೆದಾಗ ಮಾಸ್ತರರು ಕತ್ತರಿ ಕೆಳಗಿಟ್ಟು, "ಇಳಿದರು" ಎಂದು ಘೋಷಿಸಿದರು. ಫೋನ್ ಬರಲಿಲ್ಲ. ಮೂರಾಯಿತು, ನಾಲ್ಕಾಯಿತು. ಗಾಬರಿಯಲ್ಲಿ ಯಾರದೋ ಪ್ಯಾಂಟಿನ ಎಡಗಾಲನ್ನು ಮೊಣಕಾಲಿಗೇ ಕತ್ತರಿಸಿದರು. ಸಂಜೆ ಆರಕ್ಕೆ ವಿಮಾನದ ಕಚೇರಿಗೆ ಫೋನ್ ಮಾಡಿದರು.

"ನಿಮ್ಮ ವಿಮಾನ ಕಳೆದುಹೋಗಿದೆಯಮ್ಮ!"

"ಇಲ್ಲ ಸರ್, ಇನ್ನೂ ಆರೂವರೆ ಗಂಟೆ ಹಾರಬೇಕು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹನ್ನೊಂದೂವರೆ ಗಂಟೆ ಹಿಂದೆ. ಒಟ್ಟು ಹದಿನಾಲ್ಕೂವರೆ ಗಂಟೆ ದಾರಿ" ಎಂದಳು ಕಚೇರಿಯ ಹುಡುಗಿ.

ಮರುದಿನ ಬೆಳಿಗ್ಗೆ ಅತ್ತೆಯ ಫೋನ್ ಬಂತು.

"ಅಳಿಯಂದ್ರೇ, ಮೂರು ಗಂಟೆ ಆಯ್ತು ಅಂತ ಬ್ಯಾಗ್ ಇಳಿಸ್ಕೊಂಡು ಬಾಗಿಲ ಹತ್ರ ನಿಂತೆ. ಕೆಳಗೆ ಬರೀ ಸಮುದ್ರ! ಗಗನಸಖಿ ಹನ್ನೊಂದು ಸಲ ಕೂರಿಸಿದ್ಲು, ನಾನು ಹನ್ನೆರಡು ಸಲ ಎದ್ದೆ. ವಾಪಸ್ ಟಿಕೆಟ್ ನೋಡಿದ್ರೆ ಒಂದು ದಿನ ನಾಲ್ಕಕ್ಕೆ ಹೊರಟು ಮಾರನೇ ದಿನ ಆರಕ್ಕೆ ತಲುಪೋದಂತೆ, ಇಪ್ಪತ್ತಾರು ಗಂಟೆ! ನಿಮ್ಮ ಮೂರೇ ಹದಿನಾಲ್ಕೂವರೆ ಆಯ್ತು. ಇಪ್ಪತ್ತಾರು ಎಷ್ಟಾಗುತ್ತೋ ದೇವರೇ ಬಲ್ಲ. ನಾನು ಬರಲ್ಲ."

ಎರಡು ತಿಂಗಳು ಕಳೆಯಿತು. ಅಂಗಡಿಯಲ್ಲಿ ಕಾಜಾ ಇಲ್ಲದ ಅಂಗಿಗಳು ಎದೆಯೆತ್ತರ ರಾಶಿಯಾದವು. ಮಾಸ್ತರರೇ ಹೊಲಿದ ಒಂದು ಕಾಜಾದಲ್ಲಿ ಗುಂಡಿಯ ಜೊತೆ ಹೆಬ್ಬೆರಳೂ ತೂರುತ್ತಿತ್ತು. ಕೊನೆಗೆ ಅವರೇ ಫೋನ್ ಮಾಡಿದರು.

"ಬರೋದಕ್ಕೂ ಹದಿನಾಲ್ಕೂವರೆಯೇ ಗಂಟೆ ಅತ್ತೆ, ಉಳಿದದ್ದೆಲ್ಲ ಗಡಿಯಾರದ ಆಟ. ನನ್ನ ಅಳತೆ ತಪ್ಪಾಯ್ತು."

ಆ ಮಾತು ಅವರ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

"ಇನ್ನೊಂದ್ಸಲ ಹೇಳಿ. ಸ್ಪೀಕರ್ ಹಾಕ್ತೀನಿ, ಅಕ್ಕನೂ ಕೇಳಲಿ."

ಮಾಸ್ತರರು ಮೂರು ಸಲ ಹೇಳಿದರು. ಮುಂದಿನ ವಾರವೇ ಅತ್ತೆ ಬಂದಿಳಿದರು. ನಾಲ್ಕು ದಿನ ಹಗಲೆಲ್ಲ ಗೊರಕೆ ಹೊಡೆದು, ಐದನೆಯ ದಿನ ಸೂಜಿಗೆ ದಾರ ಪೋಣಿಸಿದರು. ಮಾಸ್ತರರು ಹೊಲಿದ ಕಾಜಾ ಕಂಡು ಅವರು ನಕ್ಕ ನಗು ಬಸ್ ನಿಲ್ದಾಣದವರೆಗೂ ಕೇಳಿಸಿತು.