ಕತ್ರೀನಕ್ಕ ಕುಡಿದರೆ ಮಾತ್ರ

ನೇರೋಳ್ಮಜಲಿನ ಜನ ಸರ್ಕಾರದ ಕಾಗದವನ್ನು ಎಂದೂ ನಂಬಿದವರಲ್ಲ. ನೀರು ಒಳ್ಳೆಯದು ಎನ್ನುವುದಕ್ಕೆ ಅವರಿಗೆ ಬೇಕಾದದ್ದು ಕತ್ರೀನಕ್ಕನ ಗಂಟಲು. ಕಡಬದಿಂದ ಪಂಜದ ಕಡೆಗೆ ಹೋಗುವ ಬಸ್ಸಿಳಿದು ಒಳಗೆ ನಡೆಯಬೇಕಾದ ಆ ಊರಿನಲ್ಲಿ ಆಕೆ ಪಂಚಾಯತಿನ ನೀರು ಪರೀಕ್ಷೆ ಮಾಡುವವಳು. ಎಂಟು ವರ್ಷದ ಹಿಂದೆ ಪುತ್ತೂರಿನಲ್ಲಿ ಮೂರು ದಿನ ತರಬೇತಿ ಕೊಟ್ಟು, ನೀಲಿ ಪೆಟ್ಟಿಗೆಯೊಂದನ್ನು ಕೈಗಿತ್ತು ಕಳಿಸಿದ್ದರು.

ಪೆಟ್ಟಿಗೆಯಲ್ಲಿ ಔಷಧ ಸವರಿದ ಸಣ್ಣ ಬಾಟಲಿಗಳು. ನೀರು ತುಂಬಿ ಎರಡು ದಿನ ಬೆಚ್ಚಗಿಟ್ಟರೆ ಸಾಕು, ಕಕ್ಕಸಿನ ಕೊಳೆ ಸೇರಿದ ನೀರು ಕಪ್ಪಗಾಗಿಬಿಡುತ್ತದೆ. ಬೆಚ್ಚಗಿಡುವ ಯಂತ್ರ ಕೊಡುತ್ತೇವೆ ಎಂದವರು ಇನ್ನೂ ಕೊಡುತ್ತಲೇ ಇದ್ದಾರೆ. ಕತ್ರೀನಕ್ಕ ಕಾಯಲಿಲ್ಲ. ಅವಳ ಕೋಳಿಗೂಡಿನಲ್ಲಿ ಯಾವಾಗಲೂ ಒಂದಲ್ಲ ಒಂದು ಹೇಂಟೆ ಕಾವು ಕೂತಿರುತ್ತದೆ. ಮೊಟ್ಟೆಗಳ ನಡುವೆ ಬಾಟಲಿ ತುರುಕಿದಳು. ಹೇಂಟೆ ಒಮ್ಮೆ ಕುಕ್ಕಿ, ಆಮೇಲೆ ಅದನ್ನೂ ತನ್ನದೇ ಎಂದುಕೊಂಡು ಕೂತಿತು.

ಆ ಮೊದಲ ಸಲ ಬಾಟಲಿ ಬಣ್ಣ ತಿರುಗಲಿಲ್ಲ. ಕೊಳವೆಬಾವಿಯ ನೀರು ಒಳ್ಳೆಯದು ಎಂದು ಆಕೆ ಕಾಗದ ತೋರಿಸಿದಾಗ, ನೆರೆಮನೆಯ ರುಖಿಯಮ್ಮ ಕೊಡಪಾನ ಸೊಂಟದಲ್ಲಿಟ್ಟುಕೊಂಡೇ ಕೇಳಿದ್ದಳು, “ಕಾಗದ ಎಂತ ಹೇಳಿದರೂ ಹೇಳ್ತದೆ. ನೀನು ಕುಡಿ, ನೋಡುವ.”

ರುಖಿಯಮ್ಮನಿಗೆ ಗೊತ್ತಿದ್ದೇ ಕೇಳಿದ ಮಾತು ಅದು. ಕತ್ರೀನಕ್ಕನ ಮನೆಯಲ್ಲಿ ಕುದಿಸದ ನೀರನ್ನು ಯಾರೂ ಮುಟ್ಟುವುದಿಲ್ಲ. ಕೇರಳದಿಂದ ಗುಡ್ಡ ಹತ್ತಿ ಬಂದು ರಬ್ಬರು ನೆಟ್ಟ ಮೊದಲ ವರ್ಷ, ಅವಳ ನಾಲ್ಕು ವರ್ಷದ ತಮ್ಮ ಪಕ್ಕದಲ್ಲೇ ಹರಿಯುವ ತೋಡಿನ ನೀರು ಕುಡಿದು, ವಾಂತಿ ಭೇದಿಯಾಗಿ ಎರಡೇ ದಿನದಲ್ಲಿ ಹೋಗಿಬಿಟ್ಟ. ಅಂದಿನಿಂದ ಅಮ್ಮ ಒಲೆಯ ಮೇಲಿಂದ ನೀರಿನ ಪಾತ್ರೆ ಇಳಿಸಿದ್ದೇ ಇಲ್ಲ. ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ಆ ನಸುಗೆಂಪು ನೀರನ್ನು ಕುಡಿದೇ ಕತ್ರೀನಾ ಬೆಳೆದಳು, ಜೋಣಿಯನ್ನು ಮದುವೆಯಾದ ಮೇಲೂ ಅದನ್ನೇ ಕುದಿಸಿದಳು. ಆದರೂ ಅವತ್ತು ರುಖಿಯಮ್ಮನ ಎದುರು ಒಂದು ಲೋಟ ಹಸಿ ನೀರನ್ನು ಎತ್ತಿ ಕುಡಿದಳು. ತಾನು ಮಾಡಿದ ಪರೀಕ್ಷೆಯನ್ನು ತಾನೇ ನಂಬದಿದ್ದರೆ ಹೇಗೆ? ಅಲ್ಲಿಂದ ಅದೇ ರೂಢಿಯಾಯಿತು. ಕತ್ರೀನಕ್ಕ ಕುಡಿದರೆ ಊರು ಕುಡಿಯುತ್ತದೆ.

ಈ ವರ್ಷ ಊರಿಗೆ ಹೊಸ ಟ್ಯಾಂಕಿ ಬಂತು. ತಂದವರು ತ್ಯಾಂಪಣ್ಣ, ಊರಿನ ಮುಂದಾಳು. ಸುಳ್ಳು ಹೇಳಬಾರದು, ಆ ಟ್ಯಾಂಕಿಗಾಗಿ ಅವರು ಹತ್ತು ವರ್ಷ ಚಪ್ಪಲಿ ಸವೆಸಿದ್ದರು. ಚುನಾವಣೆ ಹತ್ತಿರ ಬಂದದ್ದರಿಂದ ಉದ್ಘಾಟನೆಗೆ ದೊಡ್ಡ ನಾಯಕರೇ ಬರುವುದೆಂದು ಭಾನುವಾರ ನಿಗದಿಯಾಯಿತು. ಕತ್ರೀನಕ್ಕ ಮಂಗಳವಾರ ಟ್ಯಾಂಕಿಯ ನೀರು ಹಿಡಿದಳು. ಗುರುವಾರ ಬೆಳಿಗ್ಗೆ ಹೇಂಟೆಯ ಹೊಟ್ಟೆಯಡಿ ಕೈ ಹಾಕಿದರೆ ಬಾಟಲಿ ಕಾಡಿಗೆಯಂತೆ ಕಪ್ಪು. ಸರ್ಕಾರದ ಪ್ರಯೋಗಾಲಯಕ್ಕೆ ಹೋಗಿದ್ದ ಇನ್ನೊಂದು ಬಾಟಲಿಯ ವರದಿಯೂ ಅದನ್ನೇ ಹೇಳಿತು.

ಶನಿವಾರ ಮಧ್ಯಾಹ್ನ ನೀರು ಸರಬರಾಜಿನ ಇಂಜಿನಿಯರ್ ಪ್ರೀತಿಕಾ ಸ್ಕೂಟರಿನಲ್ಲಿ ಬಂದಳು. ಸುಳ್ಯದಲ್ಲಿ ಓದಿದ ಇಪ್ಪತ್ತಾರರ ಹುಡುಗಿ, ಮೊದಲ ನೌಕರಿ, ಅದೂ ಇನ್ನೂ ಕಾಯಂ ಆಗಿಲ್ಲ. ಮುಖ ಬಾಡಿದ್ದು ನೋಡಿ ಕತ್ರೀನಕ್ಕ ಏನೂ ಕೇಳದೆ ಬೇಯಿಸಿದ ಮರಗೆಣಸು, ಮೀನಿನ ಸಾರು ತಂದಿಟ್ಟಳು. ಹುಡುಗಿ ಎರಡು ತುತ್ತು ತಿಂದು ಚೀಲದಿಂದ ಒಂದು ಕಾಗದ ತೆಗೆದಳು. ಹೊಸ ವರದಿ. ನೀರು ಕುಡಿಯಲು ಯೋಗ್ಯ.

“ಈ ನೀರು ಹಿಡಿದದ್ದು ಯಾರು ಮೋಳೆ?” ಕತ್ರೀನಕ್ಕ ಮಲಯಾಳದಲ್ಲಿ ಮಗಳನ್ನು ಕರೆಯುವಂತೆಯೇ ಕೇಳಿದಳು.

ಪ್ರೀತಿಕಾ ತಲೆಯೆತ್ತಲಿಲ್ಲ. “ಯಾರೂ ಹಿಡಿಯಲಿಲ್ಲ. ಮೇಲಿಂದ ಫೋನ್ ಬಂತು. ಕಾರ್ಯಕ್ರಮ ಮುಗಿಯಲಿ, ಆಮೇಲೆ ಸರಿ ಮಾಡುವ ಅಂತ ಹೇಳಿದ್ರು. ಸಹಿ ನನ್ನದೇ.”

“ನನ್ನ ಹೇಂಟೆಗೆ ಯಾರ ಫೋನೂ ಬರುದಿಲ್ಲ” ಎಂದಳು ಕತ್ರೀನಕ್ಕ. ಹುಡುಗಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು.

“ನಾಳೆ ಎಲ್ಲರ ಎದುರು ನೀವು ಕುಡಿಯಬೇಕಂತೆ ಕತ್ರೀನಮ್ಮ. ವರದಿಯನ್ನು ಇಲ್ಲಿ ಯಾರೂ ನಂಬುದಿಲ್ಲ, ನಿಮ್ಮನ್ನು ನಂಬ್ತಾರೆ ಅಂತ ತ್ಯಾಂಪಣ್ಣನಿಗೆ ಗೊತ್ತುಂಟು.”

ಕತ್ರೀನಕ್ಕ ಬೈಯಲಿಲ್ಲ. ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಆದರೆ ಹುಡುಗಿ ಹೋದ ಮೇಲೆ ಕೋಳಿಗೂಡಿನ ಬಾಗಿಲಲ್ಲಿ ತುಂಬ ಹೊತ್ತು ಕೂತಳು. ಬಾಯಿ ಬಿಟ್ಟರೆ ಈ ಮಗುವಿನ ಕೆಲಸ ಹೋಗುತ್ತದೆ. ಲೋಟ ಎತ್ತಿದರೆ ಊರಿನ ಮಕ್ಕಳೆಲ್ಲ ಆ ನೀರು ಕುಡಿಯುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೇಳುವುದು ಸುಲಭ, ಕೋಲು ಹಿಡಿದವರಿಗೆ ಗೊತ್ತು ಕಷ್ಟ.

ಭಾನುವಾರ ಶಾಮಿಯಾನ, ಮೈಕು, ಹಾರ, ಎಲ್ಲ ಇತ್ತು. ನಾಯಕರು ನಳ್ಳಿ ತಿರುಗಿಸಿದರು. ಚಪ್ಪಾಳೆ ಬಿತ್ತು, ಆದರೆ ಒಂದು ಕೊಡಪಾನವೂ ಮುಂದೆ ಬರಲಿಲ್ಲ. ತ್ಯಾಂಪಣ್ಣ ನಗುತ್ತಾ ಕತ್ರೀನಕ್ಕನನ್ನು ವೇದಿಕೆಗೆ ಕರೆದು, ತುಂಬಿದ ಸ್ಟೀಲಿನ ಲೋಟ ಕೈಗಿತ್ತರು. ನೀರು ಕನ್ನಡಿಯಷ್ಟು ತಿಳಿಯಾಗಿತ್ತು. ತಮ್ಮ ಕುಡಿದ ತೋಡಿನ ನೀರೂ ಅಷ್ಟೇ ತಿಳಿಯಾಗಿತ್ತೆಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಮುಂದಿನ ಸಾಲಿನಲ್ಲಿ ರುಖಿಯಮ್ಮನ ಮೊಮ್ಮಗಳು ಸುಹಾನಾ ಅಜ್ಜಿಯ ಕೊಡಪಾನಕ್ಕೆ ಒರಗಿ ನಿಂತು ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಅವಳಿಗೂ ನಾಲ್ಕೇ ವರ್ಷ.

ಕತ್ರೀನಕ್ಕ ಲೋಟವನ್ನು ತ್ಯಾಂಪಣ್ಣನ ಕಡೆಗೇ ಚಾಚಿದಳು.

“ಕುದಿಸಿ ಕೊಡಿ ತ್ಯಾಂಪಣ್ಣ. ಕುಡಿತೇನೆ.”

ಅಷ್ಟೇ ಮಾತು. ಯಾರ ಹೆಸರನ್ನೂ ಎತ್ತಲಿಲ್ಲ, ಯಾವ ವರದಿಯನ್ನೂ ಸುಳ್ಳೆನ್ನಲಿಲ್ಲ. ಆದರೆ ಊರಿಗೆ ಅರ್ಥವಾಗಲು ಅದು ಸಾಕಾಗಿತ್ತು. ರುಖಿಯಮ್ಮ ಸದ್ದಿಲ್ಲದೆ ಕೊಡಪಾನವನ್ನು ನೆಲಕ್ಕೆ ಕವುಚಿ ಹಾಕಿದಳು. ಪಕ್ಕದವಳೂ ಹಾಗೇ ಮಾಡಿದಳು. ಒಂದಾದ ಮೇಲೊಂದು ಕೊಡಪಾನ ಕವುಚಿ ಬೀಳುವ ಸದ್ದಷ್ಟೇ ಶಾಮಿಯಾನದಲ್ಲಿ ಕೇಳಿಸಿತು.

“ಎಂತ ಕತ್ರೀನಕ್ಕ, ಹೀಗಾ ಮಾಡುದು? ಮೇಡಮಿನ ವರದಿ ಉಂಟಲ್ಲ” ಎಂದು ತ್ಯಾಂಪಣ್ಣ ಮೈಕಿನಲ್ಲೇ ಕೇಳಿಬಿಟ್ಟರು. ಎಲ್ಲರ ಕಣ್ಣೂ ಪ್ರೀತಿಕಾಳ ಮೇಲೆ ಬಿತ್ತು. ಎರಡು ದಿನದಿಂದ ಆ ವರದಿ ಅವಳ ಬಾಯಿಯಲ್ಲಿ ಬಿಸಿ ತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಅವಳು ಎದ್ದು ಮೈಕಿನ ಹತ್ತಿರ ಬಂದಳು.

“ಮೊದಲನೇ ವರದಿ ಸರಿ. ಈ ನೀರು ಕುಡಿಯುವ ಹಾಗಿಲ್ಲ. ಎರಡನೇ ವರದಿಗೆ ನೀರು ಹಿಡಿದೇ ಇಲ್ಲ, ಸುಮ್ಮನೆ ಸಹಿ ಹಾಕಿದ್ದು ನಾನು. ತಪ್ಪಾಯ್ತು.”

ನಾಯಕರ ಕಾರು ಊಟಕ್ಕೂ ನಿಲ್ಲದೆ ಹೊರಟಿತು. ನಾಲ್ಕನೆಯ ದಿನ ಪ್ರೀತಿಕಾಳಿಗೆ ಬೀದರಿನ ಕಡೆಗೆ ವರ್ಗಾವಣೆಯ ಆದೇಶ ಬಂತು. ಹೊರಡಲು ಕೊಟ್ಟದ್ದು ಹದಿನೈದು ದಿನ. ಅಷ್ಟರಲ್ಲಿ ಆ ಹುಡುಗಿ ಪೈಪಿನ ಉದ್ದಕ್ಕೂ ನಡೆದು ಅಗೆಸಿದಳು. ಒಂದು ಹಳೆಯ ಕಕ್ಕಸುಗುಂಡಿಯ ಪಕ್ಕದಲ್ಲಿ ಪೈಪಿನ ಜೋಡಣೆ ಬಿರುಕು ಬಿಟ್ಟಿತ್ತು. ಅಗೆಯುವ ಜೆಸಿಬಿ ಕಳಿಸಿದವರು ತ್ಯಾಂಪಣ್ಣನೇ. ಅವರು ಬರಲಿಲ್ಲ, ಬರಲು ಮುಖವಿರಲಿಲ್ಲ. ಆದರೆ ಡ್ರೈವರನ ಕೈಯಲ್ಲಿ ಮೇಡಮಿಗೆಂದು ಎರಡು ಎಳನೀರು ಬೊಂಡ ಕಳಿಸಿದ್ದರು.

ಪೈಪು ಬದಲಾಯಿತು, ಟ್ಯಾಂಕಿ ತೊಳೆದದ್ದಾಯಿತು. ಮೂರು ಬಾಟಲಿಗಳು ಹೇಂಟೆಯಡಿ ಕೂತು ತಿಳಿಯಾಗಿಯೇ ಹೊರಬಂದವು, ಅವುಗಳ ಜೊತೆ ಏಳು ಮರಿಗಳೂ.

ಕೊನೆಯ ದಿನ ಪ್ರೀತಿಕಾ ಬ್ಯಾಗು ಹಿಡಿದುಕೊಂಡೇ ನಳ್ಳಿಯ ಹತ್ತಿರ ಬಂದಳು. ಊರಿನ ಹೆಂಗಸರು ಕತ್ರೀನಕ್ಕನ ಗಂಟಲನ್ನೇ ನೋಡುತ್ತಾ ನಿಂತಿದ್ದರು. ಆಕೆ ಲೋಟ ತುಂಬಿಸಿದಳು, ಆದರೆ ತಾನು ಕುಡಿಯದೆ ಹುಡುಗಿಯ ಕೈಗಿಟ್ಟಳು.

“ನನಗೂ ಪ್ರಾಯ ಆಯ್ತು. ಎಷ್ಟು ವರ್ಷ ಅಂತ ಕುಡಿದು ತೋರಿಸುದು? ಇವತ್ತು ಮೇಡಂ ಕುಡಿಯಲಿ.”

ಪ್ರೀತಿಕಾ ಕಣ್ಣು ಮುಚ್ಚಿ ಪೂರ್ತಿ ಲೋಟ ಕುಡಿದಳು. ಸರ್ಕಾರದವರ ಮಾತಿಗೆ ಜೀವಮಾನದಲ್ಲಿ ಒಮ್ಮೆಯೂ ತಲೆಯಾಡಿಸದ ರುಖಿಯಮ್ಮ, ಆ ಹುಡುಗಿಯ ಮುಖವನ್ನೇ ಒಂದು ಗಳಿಗೆ ನೋಡಿದಳು.

“ಸರಿಯಿರಿ ಎಲ್ಲ. ಮಗುವಿಗೆ ಬಸ್ಸಿಗೆ ಹೊತ್ತಾಗ್ತದೆ” ಎಂದು ಹೇಳಿ, ತನ್ನ ಕೊಡಪಾನವನ್ನು ನಳ್ಳಿಯ ಕೆಳಗಿಟ್ಟಳು.