ಬೀಗದ ಬಾಗಿಲಿನ ಫೋಟೊ

ಕೌಸಲ್ಯಾಬಾಯಿಗೆ ಯಾರ ಮೇಲೂ ಪಟ್ಟನೆ ನಂಬಿಕೆ ಬರುತ್ತಿರಲಿಲ್ಲ. ಕಮಠಾಣದಲ್ಲಿ ಹುಟ್ಟಿ, ಬೀದರಿನಲ್ಲಿ ಬಿ.ಎ. ಮುಗಿಸಿ, ಇಪ್ಪತ್ತು ವರ್ಷ ಹಳ್ಳಿಹಳ್ಳಿ ತಿರುಗಿದ ಹೆಂಗಸು. ಕಾರಿನಲ್ಲಿ ಬಂದು, ಮಕ್ಕಳ ತಲೆ ಸವರಿ, ಫೋಟೊ ತೆಗೆಸಿಕೊಂಡು ಹೋದವರಲ್ಲಿ ಎಷ್ಟು ಜನ ತಿರುಗಿ ಬಂದಿಲ್ಲ ಎಂಬುದು ಅವಳಿಗೆ ಬಾಯಿಪಾಠ. ಹೀಗಾಗಿ ತಾನು ಕೆಲಸ ಮಾಡುತ್ತಿದ್ದ ಸಂಸ್ಥೆಯ ಅಧ್ಯಕ್ಷರಾದ ಮಾಣಿಕ ಮಾಸ್ತರರು ಭಾಲ್ಕಿಯಿಂದ ಮುಜೀಬೋದ್ದೀನನನ್ನು ಕರೆತಂದು, ಇವರು ನಮ್ಮ ವೆಬ್‌ಸೈಟ್ ಸುಧಾರಿಸಿ ಕೊಡುತ್ತಾರೆ ಎಂದಾಗ ಅವಳು ಕುರ್ಚಿ ಕೊಟ್ಟಳು, ಚಹಾ ಕೊಟ್ಟಳು. ಪಾಸ್‌ವರ್ಡ್ ಮಾತ್ರ ಕೊಡಲಿಲ್ಲ.

ಅದು ಎರಡು ಸಾವಿರದ ಹದಿನಾರರ ಜನವರಿ. ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟಿತ್ತು. ಔರಾದ ಕಡೆಯ ಹಳ್ಳಿಗಳಲ್ಲಿ ದೀಪಾವಳಿ ಮುಗಿಯುವುದೇ ತಡ, ಗಂಡಹೆಂಡತಿ ಜೋಡಿಯಾಗಿ ಸಾತಾರಾ ಕಡೆ ಕಬ್ಬು ಕಡಿಯಲು ಹೊರಟಿದ್ದರು. ಮುದುಕರ ಬಳಿ ಉಳಿದ ಮಕ್ಕಳಿಗೆ ಊಟ ಹಾಕಿ, ಸಂಜೆ ಪಾಠಕ್ಕೆ ಕೂಡಿಸುವುದು ಈ ಸಂಸ್ಥೆಯ ಕೆಲಸ. ಮೈಲೂರಿನಲ್ಲಿ ಬಾಡಿಗೆಯ ಎರಡು ಕೋಣೆಯ ಕಚೇರಿ, ಡಾಬಕಾದಲ್ಲಿ ಒಂದು ಕೇಂದ್ರ, ಅದರಾಚೆ ಇನ್ನೆರಡು. ನೆರವು ಕೇಳಿದರೆ ಎಲ್ಲರದೂ ಒಂದೇ ಮಾತು: ನಿಮ್ಮ ವೆಬ್‌ಸೈಟ್ ಕಳಿಸಿ. ಇದ್ದದ್ದು ಯಾವ ಕಾಲದ್ದೋ. ಹಳೆಯ ಫಾಂಟಿನಲ್ಲಿ ಬರೆದ ಕನ್ನಡ ಬೇರೆಯವರ ಕಂಪ್ಯೂಟರಿನಲ್ಲಿ ಕಾಗೆ ಕಾಲಾಗಿ ಕಾಣುತ್ತಿತ್ತು.

ಮುಜೀಬೋದ್ದೀನನಿಗೆ ಭಾಲ್ಕಿ ಬಸ್‌ಸ್ಟ್ಯಾಂಡ್ ಹತ್ತಿರ ಲಗ್ನಪತ್ರಿಕೆ, ಫ್ಲೆಕ್ಸ್, ಆನ್‌ಲೈನ್ ಅರ್ಜಿಗಳ ಅಂಗಡಿ. ಅವನು ಕೇಳಿದ ಪ್ರಶ್ನೆಗಳೆಲ್ಲ ಕೌಸಲ್ಯಾಬಾಯಿಗೆ ಕಳ್ಳ ಕೇಳುವ ಪ್ರಶ್ನೆಗಳಂತೆ ಕೇಳಿಸಿದವು. ಯಾವ ಊರಿನಿಂದ ಎಷ್ಟು ಮನೆ ಹೋಗಿವೆ? ಮಕ್ಕಳನ್ನು ಯಾರ ಬಳಿ ಬಿಟ್ಟಿದ್ದಾರೆ?

"ಇದೆಲ್ಲಾ ನಿಮಗ ಯಾಕ ಬೇಕು, ಭಾಯ್?"

"ನೋಡಿದೋರು ನಂಬಬೇಕಲ್ರಿ ಮೇಡಂ."

"ಮೊದಲ ನಾ ನಂಬಬೇಕಲ್ಲ."

ಅವನು ನಕ್ಕುಬಿಟ್ಟ. ಆ ನಗುವೂ ಅವಳಿಗೆ ಸರಿಬರಲಿಲ್ಲ. ಮೂರು ದಿನ ಬಿಟ್ಟು ಗೊತ್ತಾಯಿತು, ಮಾಸ್ತರರು ಕುಟುಂಬಗಳ ಇಡೀ ಪಟ್ಟಿಯನ್ನು, ಫೋನ್ ನಂಬರ್ ಸಮೇತ, ತನ್ನನ್ನು ಕೇಳದೇ ಅವನಿಗೆ ಕಳಿಸಿದ್ದಾರೆ ಎಂದು.

ಕೆಲಸ ಮಾತ್ರ ಅವನು ಚೊಕ್ಕಟವಾಗಿ ಮಾಡಿದ. ಹನ್ನೆರಡು ದಿನದಲ್ಲಿ ಸೈಟು ಮೊಬೈಲಿನಲ್ಲೂ ತೆರೆಯತೊಡಗಿತು, ಅಕ್ಷರ ಸ್ವಚ್ಛ ಕಂಡವು. ಫೇಸ್‌ಬುಕ್ಕಿನಲ್ಲಿ ಸಂಸ್ಥೆಯ ಹೆಸರಿನಲ್ಲಿ ಪೇಜು ತೆರೆದು, ನಡೆಸುವುದು ಹೇಗೆಂದು ಕೌಸಲ್ಯಾಬಾಯಿಗೇ ಕಲಿಸಿದ. ಕಲಿತ ದಿನವೇ ಅವಳು ಅದರ ಪಾಸ್‌ವರ್ಡ್ ಬದಲಿಸಿಬಿಟ್ಟಳು. ಒಂದು ವಾರದ ನಂತರ ಅವನಿಂದ ಮೆಸೇಜು ಬಂತು: ಫೋಟೊ ಹಾಕುವ ಮೊದಲು ನನಗೊಮ್ಮೆ ತೋರಿಸಿ. ಇಪ್ಪತ್ತು ವರ್ಷ ಈ ಕೆಲಸದಲ್ಲಿ ಇದ್ದವಳು ಫ್ಲೆಕ್ಸ್ ಅಂಗಡಿಯವನಿಗೆ ತೋರಿಸಬೇಕೆ? ಅವನು ಮೂರು ಸಲ ಫೋನ್ ಮಾಡಿದ. ಮೂರು ಸಲವೂ ಅವಳು ಎತ್ತಲಿಲ್ಲ.

ಮರುದಿನ ಡಾಬಕಾಕ್ಕೆ ಹೋದಳು. ಕುರಿಯವರ ಓಣಿಯಲ್ಲಿ ಸಾಲಿಗೆ ಹನ್ನೊಂದು ಬಾಗಿಲು, ಹನ್ನೊಂದಕ್ಕೂ ಬೀಗ. ಎಲ್ಲವನ್ನೂ ಫೋನಿನಲ್ಲಿ ಹಿಡಿದಳು. ಸೈಟಿಗೆಂದು ಮುಜೀಬೋದ್ದೀನನಿಗೆ ಕಳಿಸಿದಳು, ಅದರಲ್ಲೊಂದನ್ನು ಫೇಸ್‌ಬುಕ್ಕಿಗೆ ಔರಾದ ಬಸ್‌ಸ್ಟ್ಯಾಂಡಿನಲ್ಲಿ ಕೂತೇ ತಾನೇ ಹಾಕಿದಳು. "ಇದು ಡಾಬಕಾ. ಇಲ್ಲಿ ಮನೆಗಳಿವೆ, ಮನುಷ್ಯರಿಲ್ಲ" ಎಂದು ಮೇಲೆ ಬರೆದಳು.

ಎರಡು ಸಾವಿರ ಜನ ಅದನ್ನು ಹಂಚಿಕೊಂಡರು. ಯಾವ ಯಾವ ಊರಿನವರೋ ಅಳುವ ಮುಖದ ಚಿತ್ರ ಹಾಕಿದರು. ಅಂಥ ಮುಖ ಒತ್ತಲು ಒಂದು ಬೆರಳು ಸಾಕು. ಒತ್ತಿದವನು ಊಟಕ್ಕೆ ಏಳುತ್ತಾನೆ, ಬೀಗ ಬಾಗಿಲಲ್ಲೇ ಇರುತ್ತದೆ. ಆ ಎರಡು ಸಾವಿರ ಜನರಲ್ಲಿ, ಮಕ್ಕಳು ಏನು ತಿನ್ನುತ್ತಿದ್ದಾರೆ ಎಂದು ಕೇಳಿದವರು ನಾಲ್ಕೇ ಜನ. ಆದರೂ ಕೌಸಲ್ಯಾಬಾಯಿಗೆ ಹಿಗ್ಗು. ತಾಸಿಗೊಮ್ಮೆ ಫೋನ್ ತೆಗೆದು ಎಷ್ಟಾಯಿತೆಂದು ನೋಡುತ್ತಿದ್ದಳು.

ಐದನೇ ದಿನ ಡಾಬಕಾದಿಂದ ಧೊಂಡಿಬಾನ ಫೋನ್ ಬಂತು. ಕುರಿ ಕಾಯುವ ಮುದುಕ. ಮಗ ಮಡೆಪ್ಪ, ಸೊಸೆ ಪುತಳಾಬಾಯಿ ಕಬ್ಬಿಗೆ ಹೋಗಿದ್ದರು. ಎಂಟು ವರ್ಷದ ಮೊಮ್ಮಗಳು ಜನಾಬಾಯಿ ಓಣಿಯಾಚೆ, ಕುರಿಹಟ್ಟಿಯ ಹತ್ತಿರದ ಅವನ ಗುಡಿಸಲಿನಲ್ಲಿ ಇದ್ದಳು. ದಿನಾ ಸಂಜೆ ಏಳಕ್ಕೆ ತಾಯಿ ಫೋನ್ ಮಾಡುವುದು, ಮಾತಾಡಿದ ಮೇಲೆಯೇ ಮಗಳು ತಟ್ಟೆಗೆ ಕೈ ಹಾಕುವುದು. ಈಗ ಮೂರು ದಿನದಿಂದ ತಾಯಿಯ ಫೋನ್ ಬಂದ್. ಯಾರೋ ಗುರುತಿಲ್ಲದ ಗಂಡಸರು ಪುತಳಾಬಾಯಿಗೆ ಫೋನ್ ಮಾಡುತ್ತಿದ್ದಾರಂತೆ. ಒಬ್ಬ ಇಟ್ಟಿಗೆ ಭಟ್ಟಿ ಕೆಲಸಕ್ಕೆ ಬರ್ತೀಯಾ ಅಂತಾನಂತೆ, ಇನ್ನೊಬ್ಬ ಒಬ್ಬಾಕೇ ಇದ್ದೀಯೇನು ಅಂತಾನಂತೆ. ನಿನ್ನ ನಂಬರ್ ಇವರಿಗೆ ಹೇಗೆ ಸಿಕ್ಕಿತು ಎಂದು ಮಡೆಪ್ಪ ಹೆಂಡತಿಯ ಮೇಲೆಯೇ ಗುಮಾನಿ ಮಾಡಿ, ಫೋನ್ ಕಸಿದು ಸಿಮ್ ಮುರಿದು ಎಸೆದಿದ್ದಾನೆ. ಹುಡುಗಿ ಊಟ ಬಿಟ್ಟು ಕೂತಿದೆ.

ಪಟ್ಟಿ! ಕೌಸಲ್ಯಾಬಾಯಿ ಮುಂದಿನ ಬಸ್ಸಿಗೇ ಭಾಲ್ಕಿಗೆ ಹೋದಳು. ಅಂಗಡಿಯಲ್ಲಿ ಲಗ್ನಪತ್ರಿಕೆ ನೋಡುತ್ತಿದ್ದವರ ಎದುರಿಗೇ ಕೇಳಿದಳು, "ನಮ್ಮ ಹೆಣ್ಣುಮಕ್ಕಳ ನಂಬರ್ ಯಾರಿಗೆ ಮಾರೀರಿ?"

ಮುಜೀಬೋದ್ದೀನನ ಮುಖ ಬಿಳುಚಿತು. ಗಿರಾಕಿಗಳು ಪತ್ರಿಕೆ ಕೆಳಗಿಟ್ಟರು. ಅವನು ಜಗಳಕ್ಕೆ ಬರಲಿಲ್ಲ. ಎಲ್ಲ ಕೇಳಿಸಿಕೊಂಡು ಫೇಸ್‌ಬುಕ್ಕಿನ ಫೋಟೊ ದೊಡ್ಡ ಪರದೆಯ ಮೇಲೆ ತೆರೆದ, ಹಿಗ್ಗಿಸಿದ. ಬೀಗದ ಮೇಲೆ, ಬಾಗಿಲಿನ ಹಲಗೆಗೆ ಇದ್ದಿಲಿನಲ್ಲಿ ಬರೆದ ಹತ್ತು ಅಂಕಿ. ಕೆಳಗೆ 'ಪುತಳಾಬಾಯಿ' ಎಂದು ಹೆಸರು.

ಡಾಬಕಾದಲ್ಲಿ ಇದು ಹೊಸದಲ್ಲ. ದುಡಿಯಲು ಹೋಗುವವರು ಬೀಗ ಹಾಕಿದ ಮೇಲೆ ಬಾಗಿಲಿಗೆ ನಂಬರ್ ಬರೆದು ಹೋಗುತ್ತಾರೆ. ಮುದುಕರಿಗೆ ಜ್ವರ ಬಂದರೆ, ಪೋಸ್ಟಿನವನು ಬಂದರೆ, ಯಾರಾದರೂ ನೋಡಿ ಫೋನ್ ಮಾಡಲಿ ಎಂದು. ಊರಿನ ಬಾಗಿಲನ್ನು ಊರಿನವರೇ ನೋಡುವುದು ಎಂಬ ಧೈರ್ಯ. ಕೌಸಲ್ಯಾಬಾಯಿ ಆ ಓಣಿಯಲ್ಲಿ ನೂರು ಸಲ ಅಡ್ಡಾಡಿದವಳು. ನೋಡಿ ನೋಡಿ ಆ ಅಂಕಿಗಳು ಅವಳ ಕಣ್ಣಿಗೆ ಗೋಡೆಯ ಸುಣ್ಣದಂತಾಗಿದ್ದವು.

ಅವನು ಸೈಟಿನ ಫೋಟೊ ತೆರೆದ. ಅದೇ ಬಾಗಿಲು, ಅದೇ ಬೀಗ. ನಂಬರ್ ಇಲ್ಲ.

"ಹನ್ನೊಂದೂ ಕೂತು ಅಳಿಸೇನ್ರಿ. ಹಿಂಥಾವೇ ಬರ್ತಾವಂತ ಮೊದಲೇ ತೋರಸ್ರಿ ಅಂದಿದ್ದೆ."

"ಹೇಳಲಿಕ್ಕ ಏನಾಗಿತ್ತು?"

"ಫೋನ್ ಎತ್ತೀರೇನ್ರಿ ಮೇಡಂ?"

ತಾನು ಮೈಲೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮಾಲಕ ಮೊದಲು ಅಡ್ಡಹೆಸರು ಕೇಳಿ ಜಾತಿ ತಿಳಿದು, ಆಮೇಲೆ ಮನೆ ಖಾಲಿ ಇಲ್ಲ ಎಂದದ್ದು ಅವಳಿಗೆ ನೆನಪಾಯಿತು. ಈತನ ಹೆಸರು ಬೇರೆಯಾಗಿದ್ದರೆ ತಾನು ಇಷ್ಟು ಬೇಗ ಬಸ್ಸು ಹತ್ತುತ್ತಿದ್ದೆನೆ? ಗಿರಾಕಿಗಳ ಎದುರಿಗೇ "ನಂದೇ ತಪ್ಪು, ಭಾಯ್" ಎಂದಳು. ಅವನು ಲಗ್ನಪತ್ರಿಕೆಯವರ ಕಡೆ ತಿರುಗಿದ.

ಅಲ್ಲೇ ನಿಂತು ಫೋಟೊ ತೆಗೆದುಹಾಕಿದಳು. ಪರರ ಕೈಗೆ ಹೋದದ್ದು ಹೋಗಿತ್ತು. ಸುದ್ದಿ ತಿಳಿದ ಮಾಸ್ತರರು, ನಂಬರ್ ಅಳಿಸಿ ಮತ್ತೆ ಹಾಕು, ಇಷ್ಟು ಮಂದಿ ನೋಡುತ್ತಿದ್ದಾರೆ ಎಂದರು. ಹಾಕುವುದಿಲ್ಲ ಎಂದಳು. ಆಮೇಲೆ ಕಬ್ಬು ಕಡಿಯುವ ಟೋಳಿಯನ್ನು ಕರೆದೊಯ್ದ ಮುಕಾದಮನಿಗೆ ಫೋನ್ ಹಚ್ಚಿ ಮಡೆಪ್ಪನನ್ನು ಕರೆಸಿ, ನಡೆದದ್ದನ್ನೆಲ್ಲ ಒಂದೂ ಮುಚ್ಚಿಡದೆ ಹೇಳಿದಳು. ಪುತಳಾಬಾಯಿಯದು ಏನೇನೂ ತಪ್ಪಿಲ್ಲ ಎಂದು ಎರಡೆರಡು ಸಲ ಹೇಳಿದಳು.

ಆ ಕಡೆ ಎತ್ತಿನ ಗಾಡಿಯ ಸಪ್ಪಳ ಕೇಳಿಸುತ್ತಿತ್ತು.

"ನಮ್ಮ ಬಾಗಲಾ ಯಾರಿಗಿ ಕೇಳಿ ತೆಗದ್ರಿ ಬಾಯಾರ?" ಎಂದ ಮಡೆಪ್ಪ. ಉತ್ತರಕ್ಕೆ ಕಾಯದೆ ಫೋನ್ ಇಟ್ಟ.

ಮರುದಿನ ಸಂಜೆ ಅವಳು ಡಾಬಕಾದಲ್ಲಿದ್ದಳು. ಧೊಂಡಿಬಾ ಹನ್ನೊಂದು ಬಾಗಿಲನ್ನೂ ಒದ್ದೆ ಅರಿವೆಯಿಂದ ಒರೆಸಿಬಿಟ್ಟಿದ್ದ. ಏಳು ದಾಟಿ ಸ್ವಲ್ಪ ಹೊತ್ತಿಗೆ ಅವನ ಫೋನ್ ಬಡಿಯಿತು. ಜನಾಬಾಯಿ ಕಸಿದುಕೊಂಡು, ಅವ್ವಾ ಎನ್ನುತ್ತ ಕುರಿಹಟ್ಟಿಯ ಕಡೆ ಓಡಿದಳು. ಕೌಸಲ್ಯಾಬಾಯಿ ಚೀಲದಿಂದ ಕೇಂದ್ರದ ವಹಿ ತೆಗೆದಳು.

"ಹೊಸಾ ನಂಬರ್ ಹೇಳ್ರಿ ಕಾಕಾ, ಬರ್ಕೊಂತೇನಿ."

ಮುದುಕ ನೆಲ ನೋಡಿದ. "ಕೊಡಬ್ಯಾಡ ಅಂದಾನ್ರಿ ಬಾಯಾರ."

"ನನಗೂ?"

"ನಿಮಗೇ ಕೊಡಬ್ಯಾಡ ಅಂದಾನ್ರಿ."

ಅವಳು ವಹಿ ಮುಚ್ಚಿದಳು. ಹಟ್ಟಿಯ ಬಳಿ ಹುಡುಗಿ ತಾಯಿಗೆ ಏನೋ ದೂರು ಹೇಳುತ್ತಿತ್ತು. ಗಾಳಿ ಈ ಕಡೆಯೇ ಇದ್ದುದರಿಂದ ಮಾತು ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ಕೌಸಲ್ಯಾಬಾಯಿ ಎದ್ದು, ಆ ಮಾತು ಕಿವಿಗೆ ಬೀಳದಷ್ಟು ದೂರ ನಡೆದು ಹೋಗಿ, ಅಲ್ಲೇ ಬಸ್ಸಿಗೆ ಕಾಯುತ್ತ ನಿಂತಳು.